ಕರೆಂಟಿಲ್ಲದ ಹೊತ್ತಿನ ಸ್ವಿಚ್ಚು

"ಖಜಾಂಚಿ ಮಾತಾಡ್ತಿದೀನಿ," ಎಂದು ಖಜಾಂಚಿಗಳು ಗಂಟಲು ಸರಿಮಾಡಿಕೊಂಡರು. "ಎಲ್ಲರ ಹಾಗೆ ನನಗೂ ಸಂಕಟ ಇದೆ. ಆದ್ರೆ ಸಂಸ್ಥೆ ಉಳೀಬೇಕಲ್ಲ? ಆ ಬಡಗಿ ಹುಡುಗನಿಗೂ ನಮಗೂ ಇನ್ನು ಯಾವ ಸಂಬಂಧವೂ ಇಲ್ಲ ಅಂತ ಇವತ್ತೇ ಠರಾವು ಮಾಡಿಬಿಡೋಣ. ಕೆಳಗೆ ಇನ್ಸ್‌ಪೆಕ್ಟರ್ ಕಾಯ್ತಿದ್ದಾರೆ."

ಉದ್ದನೆಯ ಮೇಜಿನ ಸುತ್ತ ಕೂತವರೆಲ್ಲ ಮುಂದಿದ್ದ ಕಾಗದಗಳತ್ತ ಕಣ್ಣು ಹೊರಳಿಸಿದರು.

ಠರಾವು ಪಾಸಾದರೆ ಏನಾಗುತ್ತದೆಂದು ಪೊಲೀಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಪತ್ತೆದಳದಲ್ಲಿ ತಲೆ ನರೆಯುವವರೆಗೆ ದುಡಿದು, ನಿವೃತ್ತಿಯಾದ ಮೇಲೆ ಈ ಆಡಳಿತ ಮಂಡಳಿಗೆ ಬಂದವಳು ಅವಳು. ಠರಾವಾದ ಮೇಲೆ ಹುಡುಗನಿಗೆ ಜಾಮೀನು ನಿಲ್ಲುವವರಿರುವುದಿಲ್ಲ. ಅವನ ಕೈಸನ್ನೆಯನ್ನು ಮಾತು ಮಾಡಿ ಹೇಳುವವರಿರುವುದಿಲ್ಲ. ಕಿವಿ ಕೇಳದ, ಮಾತು ಬಾರದ ಹುಡುಗ ಲಾಕಪ್ಪಿನ ಮೂಲೆಯಲ್ಲಿ ಕೂತು, ಯಾರು ಏನು ಬರೆದುಕೊಂಡರೂ ಹೂಂ ಎಂದು ತಲೆಯಾಡಿಸುತ್ತಾನೆ.

ಅಂಗವಿಕಲರಿಗೆ ಕೆಲಸ ಕಲಿಸಿ ನೌಕರಿ ಹುಡುಕಿಕೊಡುವ ಈ ಸಂಸ್ಥೆಯ ಮೇಷ್ಟ್ರು ಹೋದ ವಾರ ಕೆಳಗಿನ ಮರಗೆಲಸದ ಕೋಣೆಯಲ್ಲಿ ತಲೆಯೊಡೆದು ಬಿದ್ದಿದ್ದರು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈಯೆಲ್ಲ ರಕ್ತ ಮಾಡಿಕೊಂಡು ಕೂತಿದ್ದವನು ಈ ಬಡಗಿ. ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೇಷ್ಟ್ರ ಉಸಿರು ನಿಂತಿತು.

"ಆಪರೇಟರ್ ಮಾತಾಡ್ತಿದೀನಿ," ಎಂದಿತು ಮೇಜಿನ ತುದಿಯಿಂದ ಒಂದು ತೆಳು ದನಿ. "ಅವನು ಮಾಡಿಲ್ಲ."

ಈ ಮಂಡಳಿಯಲ್ಲಿ ಬಾಯಿ ತೆರೆಯುವ ಮೊದಲು ತಾನು ಯಾರೆಂದು ಹೇಳಿಕೊಳ್ಳಬೇಕು. ಆಪರೇಟರಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಇಲ್ಲೇ ಟೆಲಿಫೋನ್ ಕೆಲಸ ಕಲಿತು, ಕೆಲಸ ಹುಡುಕುವವರ ಪರವಾಗಿ ಮಂಡಳಿಯಲ್ಲಿ ಕೂತವಳು. ಅವಳಿಗಾಗಿ ಹುಟ್ಟಿದ ಆ ಅಭ್ಯಾಸ ಎಲ್ಲರಿಗೂ ಎಷ್ಟು ಮೈಗಂಟಿತ್ತೆಂದರೆ, ಖಜಾಂಚಿಗಳು ಮನೆಯಲ್ಲೂ ಊಟಕ್ಕೆ ಕೂತು "ಖಜಾಂಚಿ ಮಾತಾಡ್ತಿದೀನಿ, ಉಪ್ಪು ಕಡಿಮೆ" ಎಂದು ಹೆಂಡತಿಯಿಂದ ಬೈಸಿಕೊಂಡಿದ್ದರು. ಆ ಮಾತನ್ನು ಊರೆಲ್ಲ ಹೇಳಿ ನಗಿಸುತ್ತಿದ್ದವರು ಮೇಷ್ಟ್ರೇ.

"ಮಾಡಿಲ್ಲ ಅಂತ ನಿನಗೆ ಹೇಗಮ್ಮ ಗೊತ್ತು?" ಖಜಾಂಚಿ ಮೆತ್ತಗೆ ಕೇಳಿದರು. ಈ ಸಲ ತಾನು ಯಾರೆಂದು ಹೇಳಲು ಮರೆತಿದ್ದರು.

ಅವಳು ಮುಂದಿದ್ದ ನೀರಿನ ಲೋಟವನ್ನು ಕೈಗೆತ್ತಿಕೊಂಡಳು. ಮೇಜಿನ ಇನ್ನೊಂದು ತುದಿಯಲ್ಲಿದ್ದ ಅಧ್ಯಕ್ಷೆ ಕಣ್ಣೆತ್ತಿ ಅವಳನ್ನು ನೋಡಿ, ಮತ್ತೆ ತನ್ನ ಕೈಗಳನ್ನೇ ನೋಡಿಕೊಂಡರು. ಸಂಸ್ಥೆಯವರೆಲ್ಲ ದೊಡ್ಡಕ್ಕ ಎಂದು ಕರೆಯುವ ಅಧ್ಯಕ್ಷೆ ಆಪರೇಟರಳ ತಾಯಿ. ಕಣ್ಣಿಲ್ಲದ ಮಗಳನ್ನು ಸೊಂಟದ ಮೇಲೆ ಹೊತ್ತು ಕಚೇರಿ ಕಚೇರಿ ಅಲೆದು, 'ನಾಳೆ ಬಾ' ಎಂಬ ಮಾತು ಕೇಳಿ ಕೇಳಿ ಸಾಕಾಗಿ, ಈ ಸಂಸ್ಥೆಯನ್ನು ತಾನೇ ಕಟ್ಟಿದ ಹೆಂಗಸು.

ಆಸ್ಪತ್ರೆಯಿಂದ ನೇರವಾಗಿ ಬಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಆಗ ಎದ್ದು ನಿಂತಳು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದಳು.

"ಮೇಷ್ಟ್ರ ಮನೆಯವಳು ಮಾತಾಡ್ತಿದೀನಿ. ಇಲ್ಲಿ ಹಾಗೆ ಹೇಳ್ಬೇಕಂತೆ, ಅವರೇ ಹೇಳಿಕೊಟ್ಟಿದ್ರು." ಅವಳು ಸೆರಗಿನ ಮುದ್ದೆಯನ್ನು ಕೆಳಗಿಳಿಸಿದಳು. "ನನಗೆ ಯಾರ ಮೇಲೂ ಸೇಡಿಲ್ಲ. ಮನೇಲಿದ್ದದ್ದಕ್ಕಿಂತ ಈ ಮಕ್ಕಳ ಜೊತೆ ಇದ್ದದ್ದೇ ಹೆಚ್ಚು ಆ ಮನುಷ್ಯ. ಯಾವನಿಗೆ ಎಲ್ಲಿ ಕೆಲಸ ಸಿಗುತ್ತೆ, ಯಾವ ಕಾರ್ಖಾನೇಲಿ ಮೆಟ್ಟಿಲಿದೆ, ಯಾವ ಸಾಹುಕಾರ ಕುಂಟ ಅಂದ... ಅದೇ ಜಪ. ದಿನಾ ಮಧ್ಯಾಹ್ನ ಊಟದ ಡಬ್ಬಿ ತರ್ತಿದ್ದೆ. ಅವತ್ತು ಮಾತ್ರ ಬರ್ಲಿಲ್ಲ, ಮನೇಲೇ ಉಳ್ಕೊಂಡೆ. ಬಂದಿದ್ರೆ ಉಳಿಸ್ಕೋತಿದ್ದೆನೋ ಏನೋ."

ಖಜಾಂಚಿ ಕನ್ನಡಕ ತೆಗೆದು ಒರೆಸಿಕೊಂಡರು.

"ಮದುವೆಯಾದಾಗಿನಿಂದ ಒಂದು ದಿನ ಹೆಸರು ಹಿಡಿದು ಕರೆದವರಲ್ಲ. ಸಿಡುಕಿ ಅಂತ 'ಮೆಣಸಿನಕಾಯಿ' ಅಂತಿದ್ರು. ನಾಲ್ಕು ಜನರ ಮುಂದೆ ಕರೆದ್ರೆ ಸುಮ್ಮನಿರಲ್ಲ ಅಂದಿದ್ದೆ, ಅದಕ್ಕೆ ಯಾರಿಗೂ ಗೊತ್ತಿಲ್ಲ. ಇನ್ನು ನನ್ನ ಹಾಗೆ ಕರೆಯೋರು ಯಾರಿದ್ದಾರೆ, ಹೇಳಿ."

ಅಳುತ್ತಿದ್ದವರ ಮುಖದಲ್ಲೂ ಒಂದು ನಗೆಯ ಎಳೆ ಹಾದುಹೋಯಿತು. ಅಷ್ಟರಲ್ಲಿ ಠಣ್ ಎಂದು ಸದ್ದಾಯಿತು. ಆಪರೇಟರಳ ಕೈಯಿಂದ ಜಾರಿದ ಸ್ಟೀಲ್ ಲೋಟ ನೆಲದ ಮೇಲೆ ಉರುಳಿ, ನೀರು ಮೇಜಿನ ಕಾಲಿನವರೆಗೆ ಹರಿಯಿತು.

ಅವಳ ಕೈಯಿಂದ ಯಾವತ್ತೂ ಏನೂ ಜಾರಿದ್ದಿಲ್ಲ. ಪೊಲೀಸಮ್ಮ ಅದನ್ನು ಗಮನಿಸಿದಳು. ಏಕೆಂದು ಮಾತ್ರ ಹೊಳೆಯಲಿಲ್ಲ.

"ಪೊಲೀಸಮ್ಮ ಮಾತಾಡ್ತಿದೀನಿ. ಠರಾವಿಗೆ ಮುಂಚೆ ಒಂದು ಲೋಟ ಟೀ ಕುಡಿಯೋಷ್ಟು ಹೊತ್ತು ಕೊಡಿ. ಕೆಳಗೆ ಹೋಗಿ ಬರ್ತೀನಿ."

ದೊಡ್ಡಕ್ಕ ಬರಿದೇ ತಲೆಯಾಡಿಸಿದರು. ಆಪರೇಟರಳಿಗೆ ಕೇಳುವಂತೆ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ.

*

ಇನ್ಸ್‌ಪೆಕ್ಟರ್ ಕೆಳಗಿನ ಓಣಿಯಲ್ಲಿ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಪೊಲೀಸಮ್ಮನ ಕೈಕೆಳಗೆ ಕೆಲಸ ಕಲಿತವನು. ಅವಳನ್ನು ಕಂಡು ಬಿಸ್ಕತ್ತನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ತಿನ್ನಪ್ಪ, ನಾನೇನು ಕಿತ್ಕೊಳ್ಳಲ್ಲ. ಡಾಕ್ಟರು ಏನಂದ್ರು?"

"ಎರಡು ಪೆಟ್ಟು ಮೇಡಂ. ಹಿಂದಲೆಗೆ ಬಿದ್ದದ್ದು ಸ್ಟೂಲಿಂದ ಉರುಳಿದಾಗ ಬೆಂಚಿನ ಅಂಚು ತಾಗಿ. ಅದರಿಂದ ಪ್ರಾಣ ಹೋಗ್ತಿರಲಿಲ್ಲವಂತೆ. ಕಿವಿಯ ಮೇಲಿನದು ಬೇರೆ. ಅದು ಯಾರೋ ಹೊಡೆದದ್ದು."

"ಹೊರಗಿನವರು?"

"ಯಾರೂ ಬಂದಿಲ್ಲ ಅಂತಾನೆ ಗೇಟಿನವನು. ಅವತ್ತು ಎಲ್ಲರೂ ಉದ್ಯೋಗ ಮೇಳಕ್ಕೆ ಹೋಗಿದ್ರು. ಕಟ್ಟಡದಲ್ಲಿ ಇದ್ದದ್ದು ಮೇಷ್ಟ್ರು, ಈ ಹುಡುಗ, ಮೇಲೆ ಅಧ್ಯಕ್ಷರು, ಪಕ್ಕದ ಕೋಣೇಲಿ ಆ ಕಣ್ಣಿಲ್ಲದ ಹುಡುಗಿ. ಬೆಳಿಗ್ಗೆ ಇವನೂ ಮೇಷ್ಟ್ರೂ ಕೈ ಬೀಸಿಕೊಂಡು ಜಗಳ ಆಡಿದ್ರಂತೆ."

"ಅವನು ಮಾತಾಡೋದೇ ಕೈ ಬೀಸಿ. ಪ್ರೀತಿ ಬಂದ್ರೂ ಹಾಗೇ ಬೀಸ್ತಾನೆ. ಆ ಹುಡುಗಿ ಏನು ಹೇಳಿಕೆ ಕೊಟ್ಟಳು?"

ಇನ್ಸ್‌ಪೆಕ್ಟರ್ ಮುಗುಳ್ನಕ್ಕ. "ಅದನ್ನ ಬಿಡಿ. ಮೇಷ್ಟ್ರು ಸುತ್ತಿಗೆಯಿಂದ ಏನೋ ಬಡೀತಿದ್ರಂತೆ. ಬಾಗಿಲ ಹತ್ರ ಲೈಟಿನ ಸ್ವಿಚ್ಚು ಟಿಕ್ ಟಿಕ್ ಅಂತಂತೆ, ಆಮೇಲೆ ಸ್ಟೂಲ್ ಬಿತ್ತಂತೆ. ಮೇಡಂ, ಆ ಹೊತ್ತಲ್ಲಿ ಈ ಬೀದಿಗೇ ಕರೆಂಟಿರಲಿಲ್ಲ. ಕರೆಂಟಿಲ್ದೇ ಇರುವಾಗ, ಹಗಲು ಹೊತ್ತಲ್ಲಿ, ಯಾವ ಪುಣ್ಯಾತ್ಮ ಲೈಟ್ ಹಾಕ್ತಾನೆ? ಹುಡುಗನ ಮೇಲಿನ ಪ್ರೀತಿಗೆ ಕಟ್ಟಿದ ಕಥೆ ಅದು."

ಪೊಲೀಸಮ್ಮ ನಿಂತಲ್ಲೇ ನಿಂತಳು.

ಹೊರಗಿನವರಿಗೆ ಅದು ಹುಚ್ಚು. ಇಲ್ಲಿಯವರಿಗೆ ಅದು ನಮಸ್ಕಾರ. ಕಣ್ಣಿಲ್ಲದವರ ಕೋಣೆಗೆ ಹೋದರೆ ಯಾರೆಂದು ಹೇಳಬೇಕು. ಕಿವಿ ಕೇಳದವರ ಕೋಣೆಗೆ ಹೋದರೆ ಬಾಗಿಲಲ್ಲೇ ನಿಂತು ದೀಪವನ್ನು ಎರಡು ಸಲ ಮಿನುಗಿಸಬೇಕು. ಬೆನ್ನ ಹಿಂದಿನಿಂದ ಹೋಗಿ ಮುಟ್ಟಬಾರದು, ಬೆಚ್ಚಿಬೀಳುತ್ತಾರೆ. ಯೋಚಿಸಿ ಮಾಡುವ ಕೆಲಸವಲ್ಲ ಅದು, ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಕರೆಂಟಿದೆಯೋ ಇಲ್ಲವೋ ಎಂದು ಕೈ ಕೇಳುವುದಿಲ್ಲ.

ಬಂದವರು ನಮ್ಮವರೇ. ಕೋಣೆಯಲ್ಲಿದ್ದವನು ಬಡಗಿಯೆಂದೇ ತಿಳಿದು ಬಂದವರು.

*

ಬಡಗಿ ತನ್ನ ಕೋಣೆಯಲ್ಲೇ ಒಬ್ಬ ಕಾನ್‌ಸ್ಟೆಬಲ್ ಪಕ್ಕದಲ್ಲಿ ಕೂತಿದ್ದ. ಮೊಳೆಗೆ ನೇತುಹಾಕುತ್ತಿದ್ದ ಅವನ ನೀಲಿ ಏಪ್ರನ್ನೂ ಟೋಪಿಯೂ ಅಲ್ಲಿರಲಿಲ್ಲ. ಅವತ್ತು ಅವು ಮೇಷ್ಟ್ರ ಮೈಮೇಲಿದ್ದವು. ಈಗ ಪೊಲೀಸರ ಚೀಲದಲ್ಲಿವೆ. ಮೇಲಿನ ಹಲಗೆಯನ್ನು ಬಡಿದು ಇಳಿಸಲು ಸ್ಟೂಲ್ ಹತ್ತುವ ಮೊದಲು, ಬಟ್ಟೆ ಕೊಳೆಯಾಗದಿರಲೆಂದು ಮೇಷ್ಟ್ರು ಅವನ್ನು ಹಾಕಿಕೊಂಡಿದ್ದರು. ಹಿಂದಿನಿಂದ ನೋಡಿದರೆ ಇಬ್ಬರೂ ಒಂದೇ ಎತ್ತರ.

ಪೊಲೀಸಮ್ಮ ಸನ್ನೆ ಮಾಡಿದಳು. ಯಾರು ಬಂದಿದ್ದರು? ನೀನು ನೋಡಿದೆ, ಅಲ್ಲವೇ?

ಹುಡುಗ ಅವಳ ಬೆರಳುಗಳನ್ನು ಕೊನೆಯವರೆಗೂ ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಏನಂತೆ ಮೇಡಂ?" ಕಾನ್‌ಸ್ಟೆಬಲ್ ಕೇಳಿದ.

"ಬಾಯಿಗೆ ಬೀಗ ಹಾಕ್ಕೊಂಡ," ಎಂದಳು ಪೊಲೀಸಮ್ಮ. "ಕರ್ಕೊಂಡು ಹೋಗಿ ಅವನಿಗೊಂದು ಟೀ ಕೊಡಿಸಪ್ಪ."

ಹೋಗುವಾಗ ಹುಡುಗ ಪ್ಲೈವುಡ್ ಅಡ್ಡಗೋಡೆಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತ. ಅದರ ಆಚೆಗೇ ಟೆಲಿಫೋನ್ ಕೋಣೆ. ಅವಳ ತುಟಿ ನೋಡಿ ಅವನಿಗೆ ಮಾತು ತಿಳಿಯುತ್ತಿತ್ತು. ಅವಳ ಅಂಗೈಯಲ್ಲಿ ಅವನು ಬೆರಳಿನಿಂದ ಅಕ್ಷರ ಬರೆಯುತ್ತಿದ್ದ. ಇಬ್ಬರಿಗೂ ದೂರದ ಪಟ್ಟಣದ ಒಂದೇ ಕಾರ್ಖಾನೆಯಲ್ಲಿ ಕೆಲಸ ಹುಡುಕಿಕೊಟ್ಟವರು ಮೇಷ್ಟ್ರು.

ರ‍್ಯಾಂಪಿನ ಕಡೆಯಿಂದ ಚಪ್ಪಲಿ ಎಳೆಯುವ ಸದ್ದು ಬಂತು.

"ಎಲ್ಲಾರೂ ಕಾಯ್ತಿದ್ದಾರೆ ಕಣೇ," ಎಂದರು ದೊಡ್ಡಕ್ಕ, ಬಾಗಿಲಲ್ಲಿ ನಿಂತು.

"ಒಳಗೆ ಬನ್ನಿ ಅಕ್ಕ. ಕೂತ್ಕೊಳ್ಳಿ."

"ಕೂರೋಕೆ ಪುರುಸೊತ್ತಿಲ್ಲ."

"ಅವತ್ತು ಗಲಾಟೆ ಕೇಳಿಯೂ ನೀವು ಯಾಕೆ ಕೆಳಗೆ ಬರ್ಲಿಲ್ಲ ಅಂತ ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ಏನಂದ್ರಿ?"

"ಕರೆಂಟಿರ್ಲಿಲ್ಲ, ಲಿಫ್ಟ್ ನಿಂತಿತ್ತು. ಈ ಮಂಡಿ ಇಟ್ಕೊಂಡು ಮೆಟ್ಟಿಲು ಇಳಿಯೋಕಾಗುತ್ತಾ?"

"ಈಗ ಹೇಗೆ ಬಂದ್ರಿ?"

ದೊಡ್ಡಕ್ಕ ತಿರುಗಿ ರ‍್ಯಾಂಪಿನ ಕಡೆ ನೋಡಿದರು.

"ರ‍್ಯಾಂಪ್ ಇಲ್ಲದ ಕಟ್ಟಡಕ್ಕೆ ಕಾಲಿಡಲ್ಲ ಅಂತ ಮಾಲೀಕನ ಮನೆ ಮುಂದೆ ಗಾಲಿಕುರ್ಚಿಯವರನ್ನೆಲ್ಲ ಸಾಲಾಗಿ ಕೂರಿಸಿದ್ದವರು ನೀವು. ಆ ರ‍್ಯಾಂಪನ್ನ ಈ ಕಟ್ಟಡದಲ್ಲಿ ಯಾರು ಬೇಕಾದರೂ ಮರೀಬಹುದು. ನೀವು ಮರೀತೀರಾ?"

"ಏನು ಹೇಳ್ಬೇಕು ಅಂತಿದೀಯೋ ನೇರವಾಗಿ ಹೇಳು."

ಗಂಡ ತೀರಿಕೊಂಡ ದಿನಗಳಲ್ಲಿ ಊಟ ತಿಂಡಿ ಬಿಟ್ಟು ಕೂತಿದ್ದ ಪೊಲೀಸಮ್ಮನನ್ನು ಗದರಿಸಿ ಎಬ್ಬಿಸಿ, 'ಅಳೋದಾದ್ರೆ ನಮ್ಮ ಸಂಸ್ಥೇಲಿ ಕೂತು ಅಳು, ಅಲ್ಲಿ ಕೆಲಸನಾದ್ರೂ ಇದೆ' ಎಂದು ಕೈಹಿಡಿದು ಇಲ್ಲಿಗೆ ಕರೆತಂದವರು ಇದೇ ದೊಡ್ಡಕ್ಕ. ಆ ಕೈಯನ್ನೇ ಈಗ ಹಿಡಿದು ಒಪ್ಪಿಸಬೇಕು.

"ನಿಮ್ಮ ಮಗಳು ಅರ್ಧ ಸತ್ಯ ಹೇಳಿದ್ದಾಳೆ ಅಕ್ಕ. ಸ್ವಿಚ್ಚಿನ ಸದ್ದು ಹೇಳಿದ್ಲು, ಬಂದವರ ಕಾಲಿನ ಸದ್ದು ಹೇಳ್ಲಿಲ್ಲ. ಓಣಿಯಲ್ಲಿ ಯಾರು ಬಂದ್ರು ಅಂತ ಚಪ್ಪಲಿ ಮೇಲೇ ಹೇಳೋಳು ಅವಳು. ಹುಡುಗನನ್ನ ಉಳಿಸೋಷ್ಟು ಹೇಳಿ, ಉಳಿದದ್ದನ್ನ ನುಂಗಿಕೊಂಡಿದ್ದಾಳೆ. ಅತ್ತ ಅವನೂ ಕೈ ಕಟ್ಕೊಂಡು ಕೂತಿದ್ದಾನೆ. ಅವರಿಬ್ಬರೂ ಸೇರಿ ಕಾಪಾಡೋಕೆ ಈ ಲೋಕದಲ್ಲಿ ಒಬ್ಬರೇ ಇರೋದು."

ದೊಡ್ಡಕ್ಕ ಬೆಂಚಿನ ಅಂಚು ಹಿಡಿದು ಮೆಲ್ಲಗೆ ಕೂತರು. ಅಳಲಿಲ್ಲ. ಮರದ ಹೊಟ್ಟನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡತೊಡಗಿದರು.

"ಅವನನ್ನ ಬೇಡಿಕೊಳ್ಳೋಕೆ ಬಂದಿದ್ದೆ ಕಣೇ," ಎಂದರು. "ಕೆಲಸಕ್ಕೆ ನೀನೊಬ್ಬನೇ ಹೋಗಪ್ಪ, ನನ್ನ ಮಗೂನ ಬಿಟ್ಟು ಹೋಗು ಅಂತ."

"ಮಗು? ಅವಳಿಗೆ ತಲೇಲಿ ಆಗಲೇ ಒಂದೆರಡು ನರೆಗೂದಲು ಬಂದಿದೆ ಅಕ್ಕ."

"ನನಗೆ ಕಾಣ್ಲಿಲ್ಲ. ಈ ಮನೇಲಿ ಕಣ್ಣಿಲ್ಲದವಳು ನಾನೇ ಅಂದ್ಕೋ. ಊರಿನ ಮಕ್ಕಳಿಗೆಲ್ಲ ಹೋಗಿ, ದುಡೀರಿ, ಯಾರಿಗೂ ತಲೆ ಬಾಗಬೇಡಿ ಅಂತ ಭಾಷಣ ಮಾಡ್ದೆ. ಅವಳ ಪೆಟ್ಟಿಗೆ ಬಾಗಿಲ ಹತ್ರ ಬಂದಾಗ ನನ್ನ ಕೈಕಾಲು ತಣ್ಣಗಾಯ್ತು. ಅಲ್ಲಿ ಹಾಲು ಉಕ್ಕಿದ್ರೆ ಯಾರು ಒಲೆ ಆರಿಸ್ತಾರೆ? ಇವಳು ಕೂಗಿದ್ರೆ ಅವನಿಗೆ ಕೇಳಲ್ಲ. ಅವನು ಬಿದ್ರೆ ಇವಳಿಗೆ ಕಾಣಲ್ಲ."

"ಆಮೇಲೆ?"

"ಬಾಗಿಲಲ್ಲಿ ನಿಂತು ಸ್ವಿಚ್ಚು ಹಾಕಿ ತೆಗೆದೆ. ಅವನು ತಿರುಗ್ಲಿಲ್ಲ. ಬೇಕಂತಲೇ ಬೆನ್ನು ತೋರಿಸ್ತಿದ್ದಾನೆ ಅಂತ ಸಿಟ್ಟು ಬಂತು. ಕರೆಂಟಿಲ್ಲ ಅನ್ನೋದು ತಲೇಲೇ ಇಲ್ಲ. ಹೋಗಿ ಏಪ್ರನ್ನಿನ ದಾರ ಹಿಡಿದು ಎಳೆದೆ. ಎಲ್ಲರಿಗೂ ಬೇಡ ಬೇಡ ಅಂತ ಕಲಿಸಿದ್ದನ್ನೇ ಮಾಡ್ದೆ. ಸ್ಟೂಲ್ ಸಮೇತ ಹಿಂದಕ್ಕೆ ಬಿದ್ರು. ಟೋಪಿ ಹಾರಿಹೋಯ್ತು. ನೋಡಿದ್ರೆ ಮೇಷ್ಟ್ರು."

ಮರದ ಹೊಟ್ಟಿನ ಗುಡ್ಡೆ ಕುಸಿಯಿತು. ಮತ್ತೆ ಕೂಡಿಸಿದರು.

"ಕೂಗ್ಬೇಕಿತ್ತು. ಕೂಗ್ಲಿಲ್ಲ. ಓಡಿದೆ. ರ‍್ಯಾಂಪಿನ ತಿರುವಲ್ಲಿ ಆ ಹುಡುಗ ಎದುರಾದ. ಏನಾಯ್ತು ಅಂತ ಸನ್ನೇಲಿ ಕೇಳ್ದ. ಏನಿಲ್ಲ ಅಂತ ಕೈಯಾಡಿಸ್ದೆ. ನಾನು ನಡುಗ್ತಿದ್ದದ್ದು ನೋಡಿ ಮೇಲಿನವರೆಗೂ ಕೈಹಿಡ್ಕೊಂಡು ಬಂದು ಕೂರಿಸಿ, ನೀರು ಕಾಯಿಸಿ, ಆರಿಸಿ ಕುಡಿಸ್ದ. ಅಷ್ಟೂ ಹೊತ್ತು ಕೆಳಗೆ ಅವರು... ಇವತ್ತು ಅವನನ್ನ ಹೊರಗೆ ಹಾಕೋ ಠರಾವಿಗೆ ನಾನು ಕೈ ಎತ್ತೋಕೆ ಕೂತಿದ್ದೆ. ಎತ್ತಿಬಿಡ್ತಿದ್ದೆನೇನೋ. ಅದೇ ನನಗೆ ಭಯ."

"ಕಿವಿಯ ಮೇಲೆ ಯಾಕೆ ಹೊಡೆದ್ರಿ ಅಕ್ಕ?"

ದೊಡ್ಡಕ್ಕ ತಲೆಯೆತ್ತಿದರು. ಆ ಮುಖದಲ್ಲಿ ಸುಳ್ಳಿರಲಿಲ್ಲ. ಏನೂ ತಿಳಿಯದ ಬರಿಯ ಬೆರಗಿತ್ತು.

"ಯಾವ ಕಿವಿ?"

ಕೋಣೆಯ ದೀಪ ಮಿನುಗಿತು. ಹತ್ತಿತು, ಆರಿತು. ಮತ್ತೆ ಹತ್ತಿತು, ಆರಿತು.

ಇಬ್ಬರೂ ಬಾಗಿಲ ಕಡೆ ತಿರುಗಿದರು. ಒಂದು ಕೈ ಸ್ವಿಚ್ಚಿನ ಮೇಲಿಟ್ಟುಕೊಂಡು ಆಪರೇಟರ್ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಬಂದವಳು ತಾನು ಯಾರೆಂದು ಹೇಳಿರಲಿಲ್ಲ. ಅವಳಿಗಾಗಿಯೇ ಹುಟ್ಟಿದ ಪದ್ಧತಿಯನ್ನು ಅವಳೇ ಮೊದಲ ಬಾರಿಗೆ ಮುರಿದಿದ್ದಳು.

"ಮಗು..." ದೊಡ್ಡಕ್ಕ ಏಳಲು ಹೋದರು.

"ಕೂತ್ಕೋ ಅಮ್ಮ. ನಿನ್ನ ಚಪ್ಪಲಿ ಸದ್ದು ನನಗೆ ಅವತ್ತೇ ಗೊತ್ತಾಯ್ತು. ಬಂದದ್ದೂ ಗೊತ್ತು, ಓಡಿದ್ದೂ ಗೊತ್ತು." ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಟೆಲಿಫೋನಿನಲ್ಲಿ ಮಾತಾಡುವವಳ ದನಿ, ಸ್ವಲ್ಪವೂ ಅಲುಗಲಿಲ್ಲ. "ಗೋಡೆಗೆ ಅಂಟಿಕೊಂಡು ಕೂತಿದ್ದೆ. ಏಳೋಕೇ ಆಗ್ಲಿಲ್ಲ. ಎದ್ದು ಹೋಗಿ ಮುಟ್ಟಿದ್ರೆ ನೀನು ಮಾಡಿದ್ದು ನಿಜ ಆಗಿಬಿಡುತ್ತೆ ಅನ್ನಿಸ್ತು. ನಿನ್ನ ಹೆಸರು ಹೇಳ್ದೇನೇ ಅವನನ್ನ ಉಳಿಸೋಣ ಅಂದ್ಕೊಂಡೆ. ಆಮೇಲಿಂದು ಹೇಳಿದ್ರೆ ಮೊದಲು ಬಂದದ್ದು ಯಾರು ಅಂತ ಕೆದಕ್ತಾರೆ, ಅದಕ್ಕೇ ಅದನ್ನ ಯಾರಿಗೂ ಹೇಳ್ಲಿಲ್ಲ."

"ಆಮೇಲಿಂದು?" ಪೊಲೀಸಮ್ಮ ಎರಡು ಹೆಜ್ಜೆ ಹತ್ತಿರ ಬಂದಳು. "ಅಮ್ಮ ಓಡಿದ ಮೇಲೆ ಇನ್ನೇನು ಕೇಳಿಸ್ತು ತಾಯಿ?"

"ಹಿಂದಿನ ಬೀದಿ ಕಡೆಯ ಅಂಗಳದ ಬಾಗಿಲು ತೆರೀತು. ಯಾರೋ ಬರಿಗಾಲಲ್ಲಿ ಒಳಗೆ ಬಂದ್ರು, ಒಂದು ಮಾತೂ ಆಡ್ಲಿಲ್ಲ. ಮೇಷ್ಟ್ರಿಗೆ ಎಚ್ಚರ ಇತ್ತು ಪೊಲೀಸಮ್ಮ. ನಕ್ಕರು. ನರಳ್ತಾನೇ ನಕ್ಕರು. ಬಂದವರನ್ನ ಮಾತಾಡಿಸಿದ್ರು."

"ಏನಂತ?"

ಅವಳು ಸ್ವಿಚ್ಚಿನ ಮೇಲಿದ್ದ ಕೈಯನ್ನು ತೆಗೆದು ಎದೆಗೆ ಒತ್ತಿಕೊಂಡಳು. ಮೇಲಿನಿಂದ, ಸಭೆಯ ಕೋಣೆಯಿಂದ, ಯಾರನ್ನೋ ಸಮಾಧಾನ ಮಾಡುತ್ತಿದ್ದ ಖಜಾಂಚಿಗಳ ದನಿ ಸಣ್ಣಗೆ ಕೇಳಿಸುತ್ತಿತ್ತು.

"ಯಾರ ಜೊತೆ ಅಂತ ಅವತ್ತು ತಿಳೀಲಿಲ್ಲ. ಇವತ್ತು ಸಭೇಲಿ ತಿಳೀತು, ಲೋಟ ಕೈಬಿಟ್ಟುಹೋಯ್ತು." ಅವಳು ಉಸಿರೆಳೆದುಕೊಂಡಳು. "'ಬಂದ್ಯಾ ಮೆಣಸಿನಕಾಯಿ,' ಅಂದ್ರು. 'ಒಂಚೂರು ಕೈ ಕೊಡು, ಏಳ್ತೀನಿ' ಅಂದ್ರು."